ರಿಸ್ಟೋರ್ ಮುಗಿಯಿತು, ಇಂಟರ್ನೆಟ್ ಎಲ್ಲಿ ಹೋಯಿತು?

ಸಿಸ್ಟಂ ರಿಸ್ಟೋರ್ ಮುಗಿದು ಡೆಸ್ಕ್‌ಟಾಪ್ ಮತ್ತೆ ಎದ್ದಿದೆ. ಫೈಲುಗಳೆಲ್ಲ ಇದ್ದಲ್ಲೇ ಇವೆ. ಬೆಳಿಗ್ಗೆಯಿಂದ ಕಾಡುತ್ತಿದ್ದ ತೊಂದರೆಯೂ ಹೋಗಿದೆ. ಆದರೆ ಪರದೆಯ ಬಲ ಮೂಲೆಯಲ್ಲಿ ಗ್ಲೋಬಿನ ಚಿತ್ರ, ಅದರ ಮೇಲೊಂದು ಅಡ್ಡಗೆರೆಯ ಗುರುತು. ಬ್ರೌಸರ್ ತೆರೆದರೆ ಇಂಟರ್ನೆಟ್ ಇಲ್ಲ ಎನ್ನುತ್ತದೆ. ಈ ಹೊತ್ತಿನಲ್ಲಿ ಗಾಬರಿಯಾದವರು ಇನ್ನೊಂದು ಸಲ ರಿಸ್ಟೋರ್ ಮಾಡುತ್ತಾರೆ, ಅದೂ ಕೈಕೊಟ್ಟರೆ ಫಾರ್ಮ್ಯಾಟ್ ಮಾಡಿಸುತ್ತಾರೆ. ಎರಡೂ ಬೇಡ. ಸಂಪರ್ಕ ಎಲ್ಲಿ ಕಡಿದಿದೆ ಎಂದು ಗೊತ್ತಾದರೆ ಹೆಚ್ಚಿನ ಸಲ ರಿಪೇರಿ ಕೆಲವೇ ನಿಮಿಷಗಳದ್ದು. ಶ್ರಮವಿರುವುದು ಹುಡುಕುವುದರಲ್ಲಿ.

ಹುಡುಕುವ ಮೊದಲು ನಮ್ಮ ಕಡೆಯ ಸಂಗತಿ ಸ್ವಲ್ಪ. ಸೋಗಾನೆ ಎಂದರೆ ಹೊರಗಿನವರಿಗೆ ಈಗ ನೆನಪಾಗುವುದು 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ಶಿವಮೊಗ್ಗ, ಭದ್ರಾವತಿಗಳ ನಡುವಿನ ಈ ಸೀಮೆಯ ಹಳ್ಳಿಮನೆಗಳಿಗೆ ಕರೆಂಟು ಬರುವುದು ಕಂಬದಿಂದ ಕಂಬಕ್ಕೆ ತೂಗುವ ತಂತಿಯ ಮೇಲೆ, ಇಂಟರ್ನೆಟ್ಟೂ ಸಾಮಾನ್ಯವಾಗಿ ಹಾಗೆಯೇ. ಪಹಣಿ ನೋಡುವುದು, ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ತಿಳಿಯುವುದು, ಮಕ್ಕಳ ಫಲಿತಾಂಶ, ಕುವೆಂಪು ವಿಶ್ವವಿದ್ಯಾಲಯದ ಅರ್ಜಿ, ಎಲ್ಲದಕ್ಕೂ ಆ ತಂತಿಯೇ ದಾರಿ. ಮುಂಗಾರಿಗೆ ಮುಂಚೆ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿನೊಂದಿಗೆ ಬರುವ ದಿನಗಳಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಏನನ್ನೋ ಬರೆಯುತ್ತಿದ್ದ ವಿಂಡೋಸ್ ಅರ್ಧಕ್ಕೇ ನಿಂತು ಕೆಡುತ್ತದೆ. ಯಾರೋ ರಿಸ್ಟೋರ್ ಮಾಡುತ್ತಾರೆ. ಆಮೇಲೆ ನೋಡಿದರೆ ಇಂಟರ್ನೆಟ್ ಇಲ್ಲ, ಬೈಗುಳವೆಲ್ಲ ರಿಸ್ಟೋರ್‌ಗೆ. ನಮ್ಮ ಕಡೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ: ಇದು ರಿಸ್ಟೋರ್ ಮಾಡಿದ ಕೆಲಸವೋ, ಸಿಡಿಲು ಮಾಡಿದ್ದೋ?

ರಿಸ್ಟೋರ್ ಮಾಡುವುದು ಇಷ್ಟು. ಹೊಸ ಡ್ರೈವರ್ ಅಥವಾ ಅಪ್‌ಡೇಟ್ ಹಾಕುವ ಮುನ್ನ ವಿಂಡೋಸ್ ತನ್ನ ಸ್ಥಿತಿಯ ಒಂದು ನಕಲು ತೆಗೆದಿಟ್ಟುಕೊಳ್ಳುತ್ತದೆ. ಅದೇ ರಿಸ್ಟೋರ್ ಪಾಯಿಂಟ್. 2000ದಲ್ಲಿ ಬಂದ ವಿಂಡೋಸ್ ಮಿಲೇನಿಯಂ ಆವೃತ್ತಿಯಿಂದ ಈ ಸೌಲಭ್ಯ ಇದೆ. ಹಿಂದಿರುಗಿದಾಗ ಸಿಸ್ಟಂ ಫೈಲುಗಳು, ಡ್ರೈವರ್‌ಗಳು, ರಿಜಿಸ್ಟ್ರಿ ಎಂಬ ಸೆಟ್ಟಿಂಗ್‌ಗಳ ಕಡತ, ಹಾಕಿದ್ದ ಪ್ರೋಗ್ರಾಂಗಳು ಆ ದಿನದ ಸ್ಥಿತಿಗೆ ಮರಳುತ್ತವೆ. ಫೋಟೊ, ಪತ್ರ, ಲೆಕ್ಕದ ಹಾಳೆಗಳನ್ನು ಅದು ಮುಟ್ಟುವುದಿಲ್ಲ. ಆ ದಿನಾಂಕದ ನಂತರ ನುಡಿ ತಂತ್ರಾಂಶ ಹಾಕಿಕೊಂಡಿದ್ದರೆ ನುಡಿ ಮಾಯವಾಗುತ್ತದೆ, ನುಡಿಯಲ್ಲಿ ಬರೆದ ಪತ್ರ ಉಳಿಯುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಹಿಂದಕ್ಕೆ ಹೋಗಿದ್ದು ನಿಮ್ಮ ಡೆಸ್ಕ್‌ಟಾಪ್ ಒಂದೇ. ಗೋಡೆಯ ಮೇಲಿನ ರೂಟರ್, ಅದರ ಪಾಸ್‌ವರ್ಡ್, ಕಂಬದ ಮೇಲಿನ ಲೈನು, ಇಂಟರ್ನೆಟ್ ಕೊಡುವವರ ಖಾತೆ, ಇವೆಲ್ಲ ಇವತ್ತಿನಲ್ಲೇ ಇವೆ. ಮೂರು ವಾರದ ಹಿಂದಿನ ಕಂಪ್ಯೂಟರ್ ಇವತ್ತಿನ ರೂಟರ್ ಜೊತೆ ಮಾತಾಡಲು ನೋಡುತ್ತಿದೆ. ಇಬ್ಬರ ನಡುವೆ ಯಾವ ಮಾತು ಹೊಂದುತ್ತಿಲ್ಲ ಎಂಬುದನ್ನು ಹುಡುಕಬೇಕು. ಮೊದಲು ಮನೆಗೆ ಲೈನು ಬಂದಿದೆಯೇ ನೋಡಿ, ಆಮೇಲೆ ವೈರು, ಡ್ರೈವರ್, ವಿಳಾಸ, ಕೊನೆಗೆ ಬ್ರೌಸರ್. ಈ ಕ್ರಮ ಬಿಟ್ಟು ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಒಂದು ತೊಂದರೆಯ ಮೇಲೆ ಇನ್ನೊಂದು ಕೂತು ಮೂಲ ಕಾರಣ ಮುಚ್ಚಿಹೋಗುತ್ತದೆ.

ಮೊದಲ ಪರೀಕ್ಷೆಗೆ ಮೊಬೈಲ್ ಸಾಕು. ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಮಾತ್ರ ಜೋಡಿಸಿ, ಯಾವುದಾದರೂ ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ಮರೆತರೆ ಫೋನು ತನ್ನ ಸಿಮ್‌ನಿಂದ ಪುಟ ತೆರೆದು, ವೈಫೈ ಸರಿಯಿದೆ ಎಂಬ ತಪ್ಪು ಕಲ್ಪನೆ ಕೊಡುತ್ತದೆ. ಫೋನಿನಲ್ಲೂ ಬರದಿದ್ದರೆ ಡೆಸ್ಕ್‌ಟಾಪ್ ಬಿಟ್ಟು ರೂಟರ್ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ಪಾನ್ ಎಂಬ ದೀಪ ಹಸಿರಾಗಿ ಅಲುಗದೆ ಉರಿಯಬೇಕು. ಲಾಸ್ ಎಂಬ ದೀಪ ಕೆಂಪಗೆ ಮಿಣುಕಿದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲ ಎಂದರ್ಥ: ಕೊಂಬೆ ಬಿದ್ದು ಫೈಬರ್ ಕಡಿದಿರಬಹುದು, ಎಲ್ಲೋ ಮಡಚಿಕೊಂಡಿರಬಹುದು. ಅದಕ್ಕೆ ಲೈನ್‌ಮ್ಯಾನೇ ಬರಬೇಕು, ಕಂಪ್ಯೂಟರಿನಲ್ಲಿ ಏನು ಮಾಡಿದರೂ ವ್ಯರ್ಥ. ಫೋನಿನಲ್ಲಿ ಚೆನ್ನಾಗಿ ಬಂದರೆ ಮಾತ್ರ ಮುಂದಕ್ಕೆ ಓದಿ.

ಈಗ ಸಿಪಿಯು ಪೆಟ್ಟಿಗೆಯ ಹಿಂದೆ, ಲ್ಯಾನ್ ಕೇಬಲ್ ಸೇರುವ ಕಡೆ, ಟಾರ್ಚ್ ಹಾಕಿ ನೋಡಿ. ಅಲ್ಲಿ ಎರಡು ಪುಟ್ಟ ದೀಪಗಳಿರುತ್ತವೆ. ಒಂದು ಜೋಡಣೆ ಇದೆ ಎನ್ನುತ್ತದೆ, ಇನ್ನೊಂದು ಮಾಹಿತಿ ಓಡಾಡುವಾಗ ಮಿನುಗುತ್ತದೆ. ಎರಡೂ ಕತ್ತಲಾಗಿದ್ದರೆ ಕೇಬಲನ್ನು ರೂಟರಿನ ಬೇರೆ ರಂಧ್ರಕ್ಕೆ ಹಾಕಿ. ಆಮೇಲೆ ಬೇರೆ ಕೇಬಲ್ ಹಾಕಿ. ಸಾಧ್ಯವಾದರೆ ಅದೇ ಕೇಬಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ. ಲ್ಯಾಪ್‌ಟಾಪಿನಲ್ಲಿ ದೀಪ ಬಂದು ಡೆಸ್ಕ್‌ಟಾಪಿನಲ್ಲಿ ಬರದಿದ್ದರೆ, ಅದರಲ್ಲೂ ಹಿಂದಿನ ರಾತ್ರಿ ಗುಡುಗಿದ್ದರೆ, ಲ್ಯಾನ್ ಪೋರ್ಟ್ ಸುಟ್ಟಿರುವ ಸಾಧ್ಯತೆ ದೊಡ್ಡದು.

ಸಿಡಿಲು ನೇರವಾಗಿ ಮನೆಗೆ ಬಡಿಯಬೇಕಾಗಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದನೆಯ ತಂತಿಯಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಲ್ಯಾನ್ ಪೋರ್ಟಿನ ಒಳಗೆ ರಕ್ಷಣೆಗೆಂದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಈಥರ್ನೆಟ್ ನಿಯಮದ ಪ್ರಕಾರ ಅದು ತಾಳಬೇಕಾದ್ದು 1500 ವೋಲ್ಟ್. ಅದಕ್ಕಿಂತ ಮೇಲೆ ಬಂದರೆ ಪೋರ್ಟ್ ಸುಡಬಹುದು, ಉಳಿದ ಮದರ್‌ಬೋರ್ಡ್ ಮಾತ್ರ ಏನೂ ಆಗದ ಹಾಗೆ ನಡೆಯುತ್ತಿರುತ್ತದೆ. ಎಷ್ಟೋ ಜನ ಮೋಸ ಹೋಗುವುದು ಇದರಿಂದಲೇ: ಕಂಪ್ಯೂಟರ್ ಆನ್ ಆಗುತ್ತಿದೆಯಲ್ಲ, ಹಾಗಾದರೆ ಸಿಡಿಲು ತಟ್ಟಿಲ್ಲ ಎಂದುಕೊಳ್ಳುತ್ತಾರೆ. ಹಳೆಯ ತಾಮ್ರದ ಟೆಲಿಫೋನ್ ಲೈನಿನಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡ್‌ಗೆ ಈ ಅಪಾಯ ಬಹಳ ಇತ್ತು. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೂ ರೂಟರಿನ ಅಡಾಪ್ಟರ್ ಮೂಲಕ ಮೆಸ್ಕಾಂ ಕರೆಂಟು ಲೈನಿನ ಆಘಾತ ಒಳಗೆ ಬಂದು, ಲ್ಯಾನ್ ಕೇಬಲ್ ಹಿಡಿದು ಡೆಸ್ಕ್‌ಟಾಪ್ ತಲುಪಬಲ್ಲದು. ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು. ಗುಡುಗು ಕೇಳಿದೊಡನೆ ಪ್ಲಗ್ ತೆಗೆಯುವವರು ಬೇಕಾದಷ್ಟಿದ್ದಾರೆ, ಆದರೆ ಲ್ಯಾನ್ ಕೇಬಲನ್ನೂ ಕಿತ್ತಿಡುವವರು ಕಡಿಮೆ. ಎರಡನ್ನೂ ತೆಗೆಯಬೇಕು, ಅದೂ ಗುಡುಗು ಇನ್ನೂ ದೂರದಲ್ಲಿರುವಾಗಲೇ. ನೆತ್ತಿಯ ಮೇಲೆ ಮಿಂಚುತ್ತಿರುವಾಗ ತಂತಿಗೆ ಕೈ ಹಾಕಬಾರದು.

ಪೋರ್ಟ್ ಸುಟ್ಟಿದೆಯೋ, ವಿಂಡೋಸ್ ಕೆಟ್ಟಿದೆಯೋ ಎಂಬ ಅನುಮಾನ ಪೂರ್ತಿ ಹರಿಯಬೇಕೆಂದರೆ ಒಂದು ದಾರಿ ನನಗೆ ಬಹಳ ಇಷ್ಟ. ಪೆನ್‌ಡ್ರೈವಿನಲ್ಲಿ ಉಬುಂಟು ಲಿನಕ್ಸ್ ಹಾಕಿಕೊಂಡು, ಅದರಿಂದ ಕಂಪ್ಯೂಟರ್ ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಎಂಬುದನ್ನಷ್ಟೇ ಆರಿಸಿ. ಅಲ್ಲಿ ಇಂಟರ್ನೆಟ್ ಬಂದರೆ ಪೋರ್ಟು, ಕೇಬಲ್ಲು, ರೂಟರ್ ಮೂರೂ ಗಟ್ಟಿ, ತಪ್ಪು ವಿಂಡೋಸ್ ಒಳಗಿದೆ. ಲಿನಕ್ಸಿನಲ್ಲೂ ಬರದೆ, ಪೋರ್ಟಿನ ದೀಪವೂ ಹತ್ತದಿದ್ದರೆ ಸಾಫ್ಟ್‌ವೇರ್ ಕಡೆ ಇನ್ನು ಹುಡುಕುವುದು ಬೇಡ. ಸುಟ್ಟ ಪೋರ್ಟಿಗೆ ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಅಥವಾ ಒಳಗೆ ಕೂರಿಸುವ ಲ್ಯಾನ್ ಕಾರ್ಡ್ ಸಾಕು. ಇಡೀ ಬೋರ್ಡ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ಅಡಾಪ್ಟರ್ ಒಂದನ್ನು ಮೊದಲು ಹಾಕಿ ನೋಡೋಣ ಎಂದು ಕೇಳುವ ಹಕ್ಕು ನಿಮಗಿದೆ.

ಸರಿ, ದೀಪ ಉರಿಯುತ್ತಿದೆ ಎಂದುಕೊಳ್ಳೋಣ. ಒಂದು ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಅದೇ ಆಯಿತಲ್ಲ ಎನ್ನಬೇಡಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಮೊದಲಿಂದ ಶುರು. 2016ರ ಡಿಸೆಂಬರ್‌ನಲ್ಲಿ ವಿಂಡೋಸ್ 10ರ ಒಂದು ದೋಷದಿಂದ ಯುರೋಪಿನಲ್ಲಿ ಹಲವರ ಸಂಪರ್ಕ ಕಡಿದಾಗ ಮೈಕ್ರೋಸಾಫ್ಟ್ ಹೇಳಿದ ಮೊದಲ ಪರಿಹಾರವೂ ಇದೇ ಆಗಿತ್ತು: ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಬೇಡ.

ಆಮೇಲೂ ಬರದಿದ್ದರೆ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲಿದೆ. ಅದರಡಿ ರಿಯಲ್‌ಟೆಕ್ ಅಥವಾ ಇಂಟೆಲ್ ಎಂಬ ಹೆಸರಿನ ಈಥರ್ನೆಟ್ ಸಾಧನ ಕಾಣಬೇಕು, ನಮ್ಮ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಈ ಎರಡೇ. ಅದು ಕಾಣದೆ, ಅದರ್ ಡಿವೈಸಸ್ ಎಂಬ ಸಾಲಿನಲ್ಲಿ ಹಳದಿ ತ್ರಿಕೋನ ಹೊತ್ತ 'ಈಥರ್ನೆಟ್ ಕಂಟ್ರೋಲರ್' ಇದ್ದರೆ ಡ್ರೈವರ್ ಹೋಗಿದೆ ಎಂದರ್ಥ. ಇದು ರಿಸ್ಟೋರ್ ಬಿಟ್ಟುಹೋಗುವ ಗುರುತುಗಳಲ್ಲೊಂದು. ಡ್ರೈವರಿನ ಫೈಲು ಒಂದು ದಿನಾಂಕದ್ದು, ಅದರ ಬಗ್ಗೆ ರಿಜಿಸ್ಟ್ರಿಯಲ್ಲಿರುವ ಬರಹ ಇನ್ನೊಂದು ದಿನಾಂಕದ್ದಾಗಿ, ಎರಡೂ ಕೂಡದೆ ಸಾಧನ ಅನಾಥವಾಗುತ್ತದೆ. ಸಾಧನದ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಸಂಖ್ಯೆ ಸಿಗುತ್ತದೆ. 28 ಎಂದರೆ ಡ್ರೈವರ್ ಇಲ್ಲ. 10 ಎಂದರೆ ಸಾಧನ ಶುರುವಾಗುತ್ತಿಲ್ಲ. 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ ಎನೇಬಲ್ ಎಂದರೆ ಮುಗಿಯಿತು.

ಹತ್ತು ಅಥವಾ ಇಪ್ಪತ್ತೆಂಟು ಬಂದರೆ ಹೊಸ ಡ್ರೈವರ್ ಹುಡುಕುವ ಮೊದಲು ಕಂಪ್ಯೂಟರಿನಲ್ಲೇ ಇರುವುದನ್ನು ಕೇಳಿ. ವಿಂಡೋಸ್ ತಾನು ಕಂಡ ಡ್ರೈವರ್‌ಗಳ ಪ್ರತಿಗಳನ್ನು ಒಂದು ಕಣಜದಲ್ಲಿ ಇಟ್ಟುಕೊಂಡಿರುತ್ತದೆ. ಸಾಧನದ ಮೇಲೆ ಬಲ ಕ್ಲಿಕ್ ಮಾಡಿ, 'ಅಪ್‌ಡೇಟ್ ಡ್ರೈವರ್', ಅದರೊಳಗೆ 'ಬ್ರೌಸ್ ಮೈ ಕಂಪ್ಯೂಟರ್', ಅದರ ಕೆಳಗೆ 'ಲೆಟ್ ಮಿ ಪಿಕ್' ಎಂಬ ಸಾಲು ಒತ್ತಿದರೆ ಇರುವ ಆವೃತ್ತಿಗಳ ಪಟ್ಟಿ ಬರುತ್ತದೆ. ಒಂದೊಂದಾಗಿ ಹಾಕಿ ನೋಡಬಹುದು. ಅದೂ ಆಗದಿದ್ದರೆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಗುರುತಿಸಿ ಮತ್ತೆ ಕೂರಿಸಿಕೊಳ್ಳುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸಲೇ ಎಂಬ ಚೌಕವೊಂದು ಬರುತ್ತದೆ. ಬದಲಿ ಡ್ರೈವರ್ ಕೈಯಲ್ಲಿ ಇಲ್ಲದೆ ಅದಕ್ಕೆ ಗುರುತು ಹಾಕಬೇಡಿ.

ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಈ ಸುಳಿಯಿಂದ ಹೊರಗೆ ಬರಲು ಆಂಡ್ರಾಯ್ಡ್ ಫೋನು ಸಾಕು. ಚಾರ್ಜಿಂಗ್ ಕೇಬಲ್‌ನಿಂದ ಫೋನನ್ನು ಡೆಸ್ಕ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಾಗಿರದೆ ಮಾಹಿತಿ ಸಾಗಿಸುವಂಥದ್ದಾಗಿರಬೇಕು. ಆಗ ಫೋನೇ ಒಂದು ಲ್ಯಾನ್ ಕಾರ್ಡಿನ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಡೇಟಾ ಪ್ಯಾಕ್ ಕಡಿಮೆಯಿದ್ದರೂ ಚಿಂತೆಯಿಲ್ಲ. ಬಹಳಷ್ಟು ಫೋನುಗಳು ಮನೆಯ ವೈಫೈಯನ್ನೇ ಯುಎಸ್‌ಬಿ ಮೂಲಕ ದಾಟಿಸುತ್ತವೆ. ಡ್ರೈವರನ್ನು ಮದರ್‌ಬೋರ್ಡ್ ಅಥವಾ ಕಂಪ್ಯೂಟರ್ ತಯಾರಿಸಿದವರ ತಾಣದಿಂದಲೇ ತೆಗೆದುಕೊಳ್ಳಿ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಏಟಿಗೆ ಹೊಸದು ಮಾಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ತಪ್ಪು ಡ್ರೈವರ್ ಹಾಕಿದರೆ ಮತ್ತೆ ರಿಸ್ಟೋರ್ ಮಾಡಬೇಕಾದ ಪರಿಸ್ಥಿತಿ ಬರುತ್ತದೆ.

ಡ್ರೈವರ್ ಸರಿಯಿದೆ, ದೀಪ ಇದೆ, ಆದರೂ ಪುಟ ತೆರೆಯುತ್ತಿಲ್ಲ. ಆಗ ವಿಳಾಸದ ಸರದಿ. ಸ್ಟಾರ್ಟ್‌ನಲ್ಲಿ ಇಂಗ್ಲಿಷಿನ ಸಿ, ಎಂ, ಡಿ ಎಂಬ ಮೂರು ಅಕ್ಷರ ಹೊಡೆದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಐಪಿಕಾನ್ಫಿಗ್ ಎಂಬ ಪದವನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಜಾಗ ಬಿಡದೆ, ಹೊಡೆದು ಎಂಟರ್ ಒತ್ತಿ. ಐಪಿವಿ4 ಎಂಬ ಸಾಲಿನ ಮುಂದೆ 192.168 ಎಂದು ಶುರುವಾಗುವ ಸಂಖ್ಯೆ ಇದ್ದರೆ ರೂಟರ್ ವಿಳಾಸ ಕೊಟ್ಟಿರುವುದು ಬಹುಮಟ್ಟಿಗೆ ಖಚಿತ. 169.254 ಎಂದು ಶುರುವಾದರೆ ರೂಟರಿನಿಂದ ಉತ್ತರವೇ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಇಟ್ಟುಕೊಂಡು ಕೂತಿದೆ.

ವಿಳಾಸ ಸಿಗುವ ಬಗೆ ಹೀಗೆ: ಕಂಪ್ಯೂಟರ್ ಎದ್ದೊಡನೆ 'ಇಲ್ಲಿ ವಿಳಾಸ ಕೊಡುವವರು ಯಾರಿದ್ದೀರಿ' ಎಂದು ಕೂಗುತ್ತದೆ. ರೂಟರ್ 'ಇದನ್ನು ತಗೋ' ಎನ್ನುತ್ತದೆ. ಕಂಪ್ಯೂಟರ್ 'ಅದೇ ಕೊಡು' ಎನ್ನುತ್ತದೆ, ರೂಟರ್ 'ಆಗಲಿ' ಎಂದು ಬರೆದುಕೊಳ್ಳುತ್ತದೆ. ಈ ನಾಲ್ಕು ಮಾತಿನ ವ್ಯವಹಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಇದು ಮುರಿಯುವುದಕ್ಕೆ ಮುಖ್ಯ ಕಾರಣ ಎರಡು. ಡಿಎಚ್‌ಸಿಪಿ ಕ್ಲೈಂಟ್ ಎಂಬ ವಿಂಡೋಸ್ ಸೇವೆ ನಿಂತುಹೋಗಿರುವುದು ಒಂದು, ಸರ್ವಿಸಸ್ ಪಟ್ಟಿಯಲ್ಲಿ ಹುಡುಕಿ ಅದನ್ನು ಸ್ಟಾರ್ಟ್ ಮಾಡಿದರಾಯಿತು. ಇನ್ನೊಂದು, ಕೈಯಿಂದ ತುಂಬಿದ್ದ ಹಳೆಯ ವಿಳಾಸ ಮರಳಿ ಬಂದಿರುವುದು. ಕಳೆದ ತಿಂಗಳ ಸಿಡಿಲಿಗೆ ರೂಟರ್ ಸುಟ್ಟು ಹೊಸದು ಬಂದಿರುತ್ತದೆ. ಹಳೆಯದರ ವಿಳಾಸ 192.168.1.1 ಇದ್ದದ್ದು ಹೊಸದರಲ್ಲಿ 192.168.0.1 ಆಗಿರುತ್ತದೆ. ರಿಸ್ಟೋರ್ ಆದ ಕಂಪ್ಯೂಟರ್ ಈಗ ಹಳೆಯದನ್ನೇ ಹುಡುಕುತ್ತದೆ, ಬಿಡಾರ ಬದಲಿಸಿದವರ ಹಳೇ ಮನೆಗೆ ಕಾಗದ ಹಾಕಿದ ಹಾಗೆ. ಇಂಥ ಕಡೆ 192.168 ಎಂಬ ಸಂಖ್ಯೆ ಕಂಡರೂ ನಂಬುವಂತಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು, ಐಪಿ ಅಸೈನ್‌ಮೆಂಟ್ ಎಂಬಲ್ಲಿ ಮ್ಯಾನುಯಲ್ ಇದ್ದರೆ ಆಟೊಮ್ಯಾಟಿಕ್ ಮಾಡಿ.

ವಿಳಾಸವೂ ಸರಿಯಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಹೊಡೆದು, ಜಾಗ ಬಿಟ್ಟು, 8.8.8.8 ಎಂದು ಬರೆಯಿರಿ. ಅದು ಗೂಗಲ್ ನಡೆಸುವ ಹೆಸರು ಹುಡುಕುವ ಸರ್ವರ್. ಉತ್ತರ ಬಂದರೆ ನೀವು ಆಗಲೇ ಇಂಟರ್ನೆಟ್ಟಿನಲ್ಲಿದ್ದೀರಿ, ತಾಣದ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಡಿಎನ್‌ಎಸ್ ಜಾಗದಲ್ಲಿ ಇದೇ 8.8.8.8 ಹಾಕಿ ಅಥವಾ ಅದನ್ನೂ ಆಟೊಮ್ಯಾಟಿಕ್ ಮಾಡಿ. ಸೆಟ್ಟಿಂಗ್ಸ್‌ನ ಪ್ರಾಕ್ಸಿ ಎಂಬ ಪುಟದಲ್ಲಿ ಮ್ಯಾನುಯಲ್ ಪ್ರಾಕ್ಸಿ ಆನ್ ಆಗಿದ್ದರೆ ಆಫ್ ಮಾಡಿ. ವೈರಸ್ ಕಾಟಕ್ಕೆಂದು ರಿಸ್ಟೋರ್ ಮಾಡಿದವರು ಇದನ್ನು ತಪ್ಪದೆ ನೋಡಬೇಕು. ಅಂಥ ತಂತ್ರಾಂಶಗಳು ಬ್ರೌಸರನ್ನು ತಮ್ಮ ದಾರಿಗೆ ತಿರುಗಿಸಲು ಪ್ರಾಕ್ಸಿಯನ್ನೇ ಬಳಸುತ್ತವೆ, ರಿಸ್ಟೋರ್ ಅದನ್ನು ಪೂರ್ತಿ ತೊಳೆಯುತ್ತದೆ ಎಂಬ ಭರವಸೆ ಇಲ್ಲ.

ಹಣ ಕೊಟ್ಟು ಹಾಕಿಸಿದ ಆಂಟಿವೈರಸ್ ಇದ್ದರೆ ಅನುಮಾನ ಅದರ ಮೇಲೂ ಇರಲಿ. ಬರುವ ಹೋಗುವ ಮಾಹಿತಿಯನ್ನೆಲ್ಲ ತಡೆದು ನೋಡಲು ಅದು ನೆಟ್‌ವರ್ಕಿನ ನಡುವೆ ತನ್ನದೊಂದು ಜರಡಿ ಕೂರಿಸಿರುತ್ತದೆ. ರಿಸ್ಟೋರ್ ಆದಾಗ ಜರಡಿ ಉಳಿದು, ಅದನ್ನು ನಡೆಸುವ ಪ್ರೋಗ್ರಾಂ ಅರ್ಧಕ್ಕೆ ಕೆಡಬಹುದು. ಆಗ ದಾಟಿಸುವವರಿಲ್ಲದೆ ಎಲ್ಲ ಮಾಹಿತಿಯೂ ಅಲ್ಲೇ ನಿಲ್ಲುತ್ತದೆ. ಲೈಸೆನ್ಸ್ ಸಂಖ್ಯೆ ಬರೆದಿಟ್ಟುಕೊಂಡು, ಆ ಕಂಪನಿಯೇ ಕೊಡುವ ತೆಗೆಯುವ ಸಾಧನದಿಂದ ಪೂರ್ತಿ ಅಳಿಸಿ, ಇಂಟರ್ನೆಟ್ ಬಂದ ಮೇಲೆ ಮತ್ತೆ ಹಾಕಿ. ಅಷ್ಟರತನಕ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಕಾಯುತ್ತದೆ.

ಯುಎಸ್‌ಬಿ ಡಾಂಗಲ್ ಹಾಕಿ ವೈಫೈ ಬಳಸುವ ಡೆಸ್ಕ್‌ಟಾಪ್ ಆದರೆ ಕಾರಣ ಇನ್ನೂ ಸರಳವಾಗಿರಬಹುದು: ಹಳೆಯ ಪಾಸ್‌ವರ್ಡ್ ಮರಳಿ ಬಂದಿದೆ. ಫರ್ಗೆಟ್ ಎಂದು ಒತ್ತಿ ಹೊಸದಾಗಿ ಸೇರಿ.

ಇಂಟರ್ನೆಟ್ ಇದ್ದೂ ಇಲ್ಲ ಎನಿಸುವ ಇನ್ನೊಂದು ಸಂದರ್ಭವಿದೆ. ಮದರ್‌ಬೋರ್ಡಿನ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಸತ್ತಿದ್ದರೆ, ಕರೆಂಟು ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪತ್ರಗಳಿಗೆ ಆರಂಭ ಮತ್ತು ಕೊನೆಯ ದಿನಾಂಕ ಇರುವುದರಿಂದ ಬ್ರೌಸರ್ ಯಾವ ಪುಟವನ್ನೂ ನಂಬದೆ ತಡೆಯುತ್ತದೆ. ರಿಸ್ಟೋರ್ ಗಡಿಯಾರ ಮುಟ್ಟುವುದಿಲ್ಲ, ಬೈಗುಳ ಮಾತ್ರ ಅದಕ್ಕೇ ಬೀಳುತ್ತದೆ. ಮೂಲೆಯಲ್ಲಿ ದಿನಾಂಕ ನೋಡಿ, ತಪ್ಪಿದ್ದರೆ ಸರಿಮಾಡಿ, ಸೆಲ್ ಬದಲಿಸಿ.

ಎಲ್ಲವೂ ಮುಗಿದು ಇನ್ನೂ ಬರದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ನೆಟ್‌ವರ್ಕ್ ರೀಸೆಟ್ ಇದೆ. ಅದು ಎಲ್ಲ ಅಡಾಪ್ಟರ್‌ಗಳನ್ನೂ ಕಿತ್ತು ಹೊಸದಾಗಿ ಕೂರಿಸಿ, ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮೂಲಕ್ಕೆ ತರುತ್ತದೆ. ವೈಫೈ ಪಾಸ್‌ವರ್ಡ್, ಕಚೇರಿಯ ವಿಪಿಎನ್ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಹಳೆಯ ರೀತಿಯಲ್ಲಿ ಕಂಪ್ಯೂಟರಿನಿಂದಲೇ ಬ್ರಾಡ್‌ಬ್ಯಾಂಡ್ ಡಯಲ್ ಮಾಡುವವರು ಆ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ.

ಇದೂ ಸೋತರೆ ರಿಸ್ಟೋರನ್ನೇ ಹಿಂತೆಗೆದುಕೊಳ್ಳುವ ದಾರಿ ಉಳಿದಿದೆ. ಸಿಸ್ಟಂ ರಿಸ್ಟೋರ್ ಮತ್ತೆ ತೆರೆದರೆ 'ಅನ್‌ಡು' ಎಂಬ ಆಯ್ಕೆ ಇರುತ್ತದೆ. ಸೇಫ್ ಮೋಡಿನಲ್ಲೋ, ಬೂಟ್ ಆಗುವ ಮುಂಚಿನ ರಿಪೇರಿ ಪರದೆಯಲ್ಲೋ ಮಾಡಿದ ರಿಸ್ಟೋರ್‌ಗೆ ಅದು ಸಿಗದು. ಬೇರೆ ದಿನಾಂಕದ ಪಾಯಿಂಟ್ ಆರಿಸಬಹುದು. ಆಗ ಯಾವ ಪ್ರೋಗ್ರಾಂ, ಡ್ರೈವರ್ ಹೋಗುತ್ತವೆ ಎಂಬ ಪಟ್ಟಿಯನ್ನು 'ಸ್ಕ್ಯಾನ್' ಎಂಬ ಗುಂಡಿ ಒತ್ತಿ ಮೊದಲೇ ನೋಡಿಕೊಳ್ಳಿ. ಒಂದು ಸಲ ಶುರುವಾದ ಮೇಲೆ ನಡುವೆ ಕರೆಂಟು ಹೋಗಬಾರದು. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆ ಮೋಡ ಕಟ್ಟಿದ ಸಂಜೆ ಈ ಕೆಲಸಕ್ಕೆ ಇಳಿಯಬೇಡಿ.

ಸಹಾಯಕ್ಕೆಂದು ಫೋನಿನಲ್ಲಿ ಗ್ರಾಹಕ ಸೇವೆಯ ನಂಬರ್ ಹುಡುಕುವಾಗ ಎಚ್ಚರ. ಹುಡುಕಾಟದಲ್ಲಿ ಮೇಲೆ ಬರುವ ನಂಬರ್‌ಗಳಲ್ಲಿ ವಂಚಕರದ್ದೂ ಇರುತ್ತವೆ. ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೇ ಕರೆ ಮಾಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಟ್ಟಿ ಎಂದ ಕೂಡಲೇ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ಇಂಟರ್ನೆಟ್ ಮರಳಿದ ದಿನವೇ ಮೂರು ಕೆಲಸ ಮುಗಿಸಿ. ವಿಂಡೋಸ್ ಅಪ್‌ಡೇಟ್ ತೆರೆದು, ರಿಸ್ಟೋರ್‌ನಿಂದ ಹೋದ ಭದ್ರತಾ ಅಪ್‌ಡೇಟ್‌ಗಳು ಮತ್ತೆ ಇಳಿಯಲು ಬಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆ ಆವೃತ್ತಿಯವರಿಗೆ ಇದು ಇನ್ನೂ ಮುಖ್ಯ. ಆಮೇಲೆ ಸಿಸ್ಟಂ ಪ್ರೊಟೆಕ್ಷನ್ ಪುಟದಲ್ಲಿ ಸಿ ಡ್ರೈವ್‌ಗೆ ರಕ್ಷಣೆ ಆನ್ ಇದೆಯೇ ನೋಡಿ, 'ಇಂಟರ್ನೆಟ್ ಸರಿಯಿದ್ದಾಗ' ಎಂದು ಹೆಸರಿಟ್ಟು ಹೊಸ ಪಾಯಿಂಟ್ ಒಂದನ್ನು ಮಾಡಿ. ಕೊನೆಯದಾಗಿ ಲ್ಯಾನ್ ಡ್ರೈವರಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಮದರ್‌ಬೋರ್ಡಿನ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ.